ಧ್ಯಾನಸಾಧನೆಯಲ್ಲಿ ಗುರೂಪದೇಶದ ಸ್ಥಾನ

ನರಸಿಂಹರಾಜಪುರದಿಂದ ಕೊಪ್ಪದ ಮಾರ್ಗವಾಗಿ ಶೃಂಗೇರಿಗೆ ಸಾಗುವ ಮಲೆನಾಡಿನ ಭೂಭಾಗವು ಗುರುಪರಂಪರೆಗಳ ನೆಲೆಯಾಗಿದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನೀ ದೇವಿಯ ಬಸದಿಯೂ ಭಟ್ಟಾರಕ ಪೀಠವೂ ಇವೆ. ಶೃಂಗೇರಿಯಲ್ಲಿ ಶಾರದಾಪೀಠದೊಡನೆ ಪಾರ್ಶ್ವನಾಥ ಬಸದಿಯೂ ಇದೆ. ಅದ್ವೈತಿಗಳ ಶ್ರವಣ, ಮನನ, ನಿದಿಧ್ಯಾಸನ ಕ್ರಮಕ್ಕೂ ಜೈನರ ಧ್ಯಾನಕ್ರಮಕ್ಕೂ ತತ್ತ್ವಭೇದವಿದ್ದರೂ ಗುರುಮುಖದಿಂದ ಆರಂಭವೆಂಬುದು ಉಭಯಸಮ್ಮತ. ಹಾಗಿರುವಲ್ಲಿ, ಧ್ಯಾನವಿಧಿಯು ಓಲೆಗರಿಯಲ್ಲಿ ಸ್ಪಷ್ಟವಾಗಿ ಲಿಖಿತವಾಗಿರುವಾಗ ಗುರುವಿನಿಂದ ಆಗಬೇಕಾದುದೇನು ಎಂಬುದು ವಿಚಾರಣೀಯ.

ಸಿಂಹನಗದ್ದೆಯ ಅಧಿದೇವತೆಯನ್ನು ಕುರಿತ ಜ್ವಾಲಿನೀಕಲ್ಪವೇ ಇದಕ್ಕೆ ಒಂದು ನಿದರ್ಶನ. ಇಂದ್ರನಂದಿಯು ಇದನ್ನು ಶಕವರ್ಷ 861ರಲ್ಲಿ, ಎಂದರೆ ಕ್ರಿ.ಶ. 939ರಲ್ಲಿ, ಮಾನ್ಯಖೇಟದಲ್ಲಿ ರಚಿಸಿದನು. ಹೇಲಾಚಾರ್ಯನಿಂದ ಹೊರಟ ವಿದ್ಯೆಯು ಶಿಷ್ಯಪರಂಪರೆಯಲ್ಲಿ ಕಂದರ್ಪ, ಗುಣನಂದಿಗಳಿಗೆ ಬಂದು, ಅವರಿಬ್ಬರಿಂದ ತನಗೆ ಗ್ರಂಥರೂಪದಲ್ಲಿಯೂ ಅರ್ಥರೂಪದಲ್ಲಿಯೂ ಲಭಿಸಿತೆಂದು ಅವನು ತಿಳಿಸುತ್ತಾನೆ. ಪಾಠವು ಕೈಗೆ ಬಂದ ಮಾತ್ರಕ್ಕೆ ಅರ್ಥವು ಬಂದಂತಾಗುವುದಿಲ್ಲವೆಂಬ ಅರಿವು ಈ ವಿಭಾಗದಲ್ಲಿ ಅಡಗಿದೆ. ಇದು ಮಂತ್ರಶಾಸ್ತ್ರದ ಮಾತಾದರೂ ಮೋಕ್ಷಮಾರ್ಗದ ಧ್ಯಾನಕ್ಕೂ ಅನ್ವಯಿಸುತ್ತದೆ. ರಾಮಸೇನನು ತತ್ತ್ವಾನುಶಾಸನದಲ್ಲಿ ಧ್ಯಾನದ ಮುಖ್ಯ ಹೇತುಗಳನ್ನು ನಾಲ್ಕಾಗಿ ಎಣಿಸಿ, ಶ್ರದ್ಧೆ, ನಿರಂತರಾಭ್ಯಾಸ, ಸ್ಥಿರಮನಸ್ಸುಗಳಿಗಿಂತ ಮೊದಲು ಗುರೂಪದೇಶವನ್ನು ಇರಿಸಿದ್ದಾನೆ.

ಶುಭಚಂದ್ರನ ಜ್ಞಾನಾರ್ಣವದಲ್ಲಿ ಪಿಂಡಸ್ಥ ಧ್ಯಾನದ ಪಾರ್ಥಿವೀ, ಆಗ್ನೇಯೀ, ಶ್ವಸನಾ, ವಾರುಣೀ, ತತ್ತ್ವರೂಪವತೀ ಎಂಬ ಐದು ಧಾರಣೆಗಳು ವಿಸ್ತಾರವಾಗಿ ನಿರೂಪಿತವಾಗಿವೆ. ಯಾವುದರ ಅನಂತರ ಯಾವುದೆಂಬುದನ್ನು ಗ್ರಂಥವು ಹೇಳುತ್ತದೆ. ಆದರೆ ಈ ಸಾಧಕನು ಮೊದಲನೆಯದರಲ್ಲಿ ಇನ್ನೆಷ್ಟು ಕಾಲ ನಿಲ್ಲಬೇಕು, ಅವನಿಗೆ ದೊರೆತದ್ದು ಏಕಾಗ್ರತೆಯೋ ಕೇವಲ ಜಡತೆಯೋ ಎಂಬುದನ್ನು ಲಿಪಿಯು ನೋಡಿ ಹೇಳಲಾರದು.

ಇದಕ್ಕಿಂತ ಗಹನವಾದ ತೊಡಕು ಇನ್ನೊಂದಿದೆ. ತತ್ತ್ವಾರ್ಥಸೂತ್ರದ ಪ್ರಕಾರ ಆರ್ತ, ರೌದ್ರಗಳೂ ಧ್ಯಾನಗಳೇ. ಚಿತ್ತದ ಏಕಾಗ್ರತೆ ಅವುಗಳಲ್ಲಿಯೂ ಉಂಟು. ಆರ್ತದ ನಾಲ್ಕನೆಯ ಭೇದವು ನಿದಾನ, ಎಂದರೆ ಭಾವಿಭೋಗದ ಆಕಾಂಕ್ಷೆ. ಧರ್ಮ್ಯಧ್ಯಾನಕ್ಕೆ ಕುಳಿತವನು ಸಿದ್ಧಿಯನ್ನೋ ಕೀರ್ತಿಯನ್ನೋ ಬಯಸತೊಡಗಿದರೆ ಆಸನವೂ ಮೌನವೂ ಹಾಗೆಯೇ ಇರುತ್ತವೆ, ಧ್ಯಾನದ ಜಾತಿಯೇ ಬದಲಾಗಿರುತ್ತದೆ. ಬಯಕೆಯಲ್ಲಿ ಮುಳುಗಿದವನಿಗೆ ಅದು ತೋರುವುದು ದುರ್ಲಭ. ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಯ ಪ್ರಯೋಜನವು ಇಲ್ಲಿಯೇ ಇದೆ. ಭಗವತೀ ಆರಾಧನೆಯು ಆಲೋಚನೆಗೇ ಹತ್ತು ದೋಷಗಳನ್ನು ಹೇಳುತ್ತದೆ. ಪರರು ಕಂಡದ್ದನ್ನು ಮಾತ್ರ ಒಪ್ಪಿಕೊಳ್ಳುವುದು, ದೊಡ್ಡದನ್ನು ಹೇಳಿ ಸಣ್ಣದನ್ನು ಮುಚ್ಚುವುದು ಅವುಗಳಲ್ಲಿ ಸೇರಿವೆ. ಒಪ್ಪಿಕೊಳ್ಳುವಾಗಲೂ ಮನಸ್ಸು ಹೇಗೆ ಮರೆಮಾಚುತ್ತದೆಂಬುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು.

ಇಲ್ಲಿ ಒಂದು ಆಕ್ಷೇಪವು ಸಹಜ. ಪೂಜ್ಯಪಾದರು ಇಷ್ಟೋಪದೇಶದಲ್ಲಿ ಆತ್ಮನಿಗೆ ಆತ್ಮನೇ ಗುರುವೆಂದಿದ್ದಾರೆ, ಹಾಗಾದರೆ ಬಾಹ್ಯಗುರುವೇಕೆ? ಸಮಾಧಾನವೂ ಅದೇ ಪ್ರಕರಣದಲ್ಲಿದೆ. ಅನ್ಯನು ನಿಮಿತ್ತಮಾತ್ರ, ಗತಿಗೆ ಧರ್ಮಾಸ್ತಿಕಾಯವಿದ್ದಂತೆ. ಧರ್ಮದ್ರವ್ಯವು ಮೀನನ್ನು ತಳ್ಳುವ ನೀರಲ್ಲ, ಈಜುವುದು ಮೀನೇ. ಆದರೂ ಆ ಸಹಕಾರಿಯಿಲ್ಲದೆ ಗತಿಯಿಲ್ಲ. ಗುರುವು ಶಿಷ್ಯನ ಪರವಾಗಿ ಧ್ಯಾನಿಸಲಾರನು, ಅನುಭವವನ್ನು ದಾನವಾಗಿ ಕೊಡಲಾರನು. ಶಿಷ್ಯನು ನಡೆವಾಗ ದಾರಿ ತಪ್ಪಿದ್ದನ್ನು ತೋರಿಸಬಲ್ಲನು. ಗುರುವನ್ನು ಕರ್ತನೆಂದು ನಂಬುವುದೂ ಅನಾವಶ್ಯಕನೆಂದು ತ್ಯಜಿಸುವುದೂ ಸಮಾನವಾಗಿ ಏಕಾಂತವಾದಗಳು.

ಈ ವಿವೇಚನೆಯು ಹಸ್ತಪ್ರತಿಗಳ ಸಂಪಾದಕರಿಗೂ ಉಪಯುಕ್ತ. ಧ್ಯಾನಗ್ರಂಥದ ಪ್ರಶಸ್ತಿಯಲ್ಲಿ ಬರುವ ಗುರುನಾಮಗಳು ಕಾಲನಿರ್ಣಯದ ಸಾಮಗ್ರಿ ಮಾತ್ರವಲ್ಲ. ಪಾಠವು ಯಾರ ಬಾಯಿಂದ ಅರ್ಥವನ್ನು ಪಡೆಯಿತೆಂಬುದರ ಸಾಕ್ಷ್ಯ. ಸಾಲುಗಳ ನಡುವೆ, ಗರಿಯ ಅಂಚಿನಲ್ಲಿ ಬರೆದ ಕಿರುಟಿಪ್ಪಣಿಗಳು ಹಲವೊಮ್ಮೆ ಆ ಉಪದೇಶದ ಉಳಿದ ಅಂಶಗಳಾಗಿರಬಹುದು. ಮೂಲಪಾಠವನ್ನು ಶುದ್ಧಗೊಳಿಸುವಾಗ ಅವನ್ನು ಕೈಬಿಟ್ಟರೆ ಗ್ರಂಥವು ಉಳಿದು ಅರ್ಥವು ನಷ್ಟವಾದೀತು.