ನಮ್ಮ ಅಡಿಗೆಮನೆಯ ಮೂರನೆಯ ರಂಧ್ರ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತೆಂಬುದನ್ನೂ, 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಹೊತ್ತಿದುವೆಂಬುದನ್ನೂ ಇತಿಹಾಸದ ವಿದ್ಯಾರ್ಥಿಯಾದ ನಾನು ಉತ್ತರಪತ್ರಿಕೆಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ನಮ್ಮ ಮನೆಯ ಗೋಡೆಯ ಸಾಕೆಟ್ಟಿಗೆ ಮೂರು ರಂಧ್ರಗಳು ಏಕಿವೆಯೆಂಬುದು ಕಳೆದ ವರ್ಷದವರೆಗೆ ನನಗೆ ತಿಳಿದಿರಲಿಲ್ಲ. ತಿಳಿದುಕೊಂಡ ಬಗೆ ಸಂತೋಷದ್ದಲ್ಲ.

ನಮ್ಮ ಮನೆ ಕಟ್ಟಿದ್ದು 1996ರಲ್ಲಿ. ಆಗ ಅಡಿಗೆಮನೆಯಲ್ಲಿದ್ದುದು ಒಂದು ದೀಪ, ಮಿಕ್ಸಿಗೆಂದು ಒಂದು ಸಣ್ಣ ಸಾಕೆಟ್ಟು. 2019ರಲ್ಲಿ ಅಡಿಗೆಮನೆಯನ್ನು ಹಿತ್ತಲ ಕಡೆಗೆ ಬೆಳೆಸಿದೆವು. ಗಾರೆ ಕೆಲಸದವರ ಜೊತೆಯಲ್ಲಿ ಬಂದ ಹುಡುಗನೊಬ್ಬ ಒಂದೇ ದಿನದಲ್ಲಿ ವೈರಿಂಗ್ ಮುಗಿಸಿದ. ಹಳೆಯ ದೀಪದ ತಂತಿಗೆ ಹೊಸ ತಂತಿಯನ್ನು ಹೆಣೆದು, ಟೇಪು ಸುತ್ತಿ, ಹೊಸ ಗೋಡೆಯಲ್ಲಿ ನಾಲ್ಕು ಸಾಕೆಟ್ಟುಗಳನ್ನು ಕೂರಿಸಿದ. ಫ್ರಿಜ್ಜು ಬಂತು, ಗ್ರೈಂಡರ್ ಬಂತು, ಕೊನೆಗೆ ಇಂಡಕ್ಷನ್ ಒಲೆಯೂ ಬಂತು.

ಕೆಲವು ಕಾಲದ ಮೇಲೆ ನಮ್ಮ ತಾಯಿಯವರು, "ಗ್ರೈಂಡರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ" ಎಂದರು. ಮಣೆಯ ಮೇಲೆ ನಿಂತು ರುಬ್ಬಬೇಕೆಂದು ನೆರೆಯವರು ಹೇಳಿಕೊಟ್ಟರು. ಅವರ ಮನೆಯಲ್ಲಿಯೂ ಅದೇ ಪದ್ಧತಿಯಂತೆ! ಮಣೆ ಬಂತು; ಮಾತು ಅಲ್ಲಿಗೆ ನಿಂತಿತು. ಇಂಡಕ್ಷನ್ ಒಲೆ ಉರಿಯುವಾಗ ಜುಮ್ಮು ಹೆಚ್ಚುತ್ತದೆಂದು ತಾಯಿಯವರು ಹೇಳಿದ್ದರು. ಅವೆರಡನ್ನೂ ಕೂಡಿಸಿ ನೋಡುವಷ್ಟು ವಿವೇಕ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಒಲೆಯೂ ಗ್ರೈಂಡರೂ ಒಟ್ಟಿಗೆ ನಡೆಯುತ್ತಿದ್ದುವು. ಎರಡೂ ತಟ್ಟನೆ ನಿಂತುವು. ಕರೆಂಟು ಹೋಯಿತೆಂದುಕೊಂಡು ತಾಯಿಯವರು ಹಿಟ್ಟನ್ನು ತೋಡಿಕೊಳ್ಳಲು ಗ್ರೈಂಡರಿಗೆ ಕೈ ಹಾಕಿದರು. ಸ್ವಿಚ್ಚನ್ನು ಆರಿಸಿರಲಿಲ್ಲ. ನೆಲ ಆಗತಾನೇ ತೊಳೆದದ್ದು. ಮಣೆ ಗೋಡೆಗೆ ಒರಗಿತ್ತು. ಶಬ್ದ ಕೇಳಿ ನಾನು ಓಡಿ ಬಂದಾಗ ಅವರು ಬಾಗಿಲ ಬಳಿ ಬಿದ್ದಿದ್ದರು. ಬದುಕಿಕೊಂಡರು. ಬಲಗೈ ಮಾತ್ರ ಒಂದು ವಾರ ಮರಗಟ್ಟಿತ್ತು.

ಕರೆಂಟು ಹೋಗಿದ್ದಾಗ ಕರೆಂಟು ಹೊಡೆದುದು ಹೇಗೆ? ನಮ್ಮ ಸೋದರಮಾವ ಐ.ಟಿ.ಐ. ಓದಿ ವೈರ್‌ಮನ್ ಪರವಾನಗಿ ಪಡೆದವರು. ಅವರು ಮರುದಿನ ಬಂದು ಮೆಯಿನ್ ಸ್ವಿಚ್ ಆರಿಸಿ ಸಾಕೆಟ್ಟನ್ನು ಬಿಚ್ಚಿ ನನ್ನನ್ನು ಕರೆದು ತೋರಿಸಿದರು.

ಸಾಕೆಟ್ಟಿನ ಕೆಳಗಿನ ಎರಡು ರಂಧ್ರಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಒಂದರಿಂದ ಬಂದ ಪ್ರವಾಹ ಯಂತ್ರವನ್ನು ನಡೆಸಿ ಮತ್ತೊಂದರಿಂದ ಮರಳಬೇಕು. ಮೇಲಿನ ದಪ್ಪ ರಂಧ್ರ ಅರ್ತಿಗೆ. ಅಲ್ಲಿಂದ ಹೊರಟ ಹಸಿರು ತಂತಿ ಮನೆಯ ಹೊರಗೆ ಉಪ್ಪು, ಇದ್ದಿಲು ತುಂಬಿದ ಗುಂಡಿಯಲ್ಲಿ ಹೂತ ಕೊಳವೆಗೆ ಸೇರಬೇಕು. ಯಂತ್ರದ ಒಳಗೆ ಫೇಸ್ ತಂತಿ ಸವೆದು ಲೋಹದ ಮೈಯನ್ನು ಮುಟ್ಟಿದರೆ, ಪ್ರವಾಹ ಈ ದಾರಿಯಲ್ಲಿ ಒಮ್ಮೆಲೇ ನುಗ್ಗಿ ಫ್ಯೂಸು ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಪ್ಲಗ್ಗಿನ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೂ ಇದಕ್ಕಾಗಿಯೇ: ಅದು ಎಲ್ಲಕ್ಕಿಂತ ಮೊದಲು ಸೇರಿ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ನಮ್ಮ ಹಾಸ್ಟೆಲಿನ ಕೆಲವು ಮಿತ್ರರು ಈ ಪಿನ್ನನ್ನು ಮುರಿದೆಸೆಯುವುದನ್ನೂ, ಆ ರಂಧ್ರಕ್ಕೆ ಪೆನ್ನಿನ ರೀಫಿಲ್ ತುರುಕುವುದನ್ನೂ ಕಂಡಿದ್ದೇನೆ. ಅವರ ಹೆಸರು ಹೇಳುವುದಿಲ್ಲ!

ನಮ್ಮ ಸಾಕೆಟ್ಟಿನಲ್ಲಿ ಹಸಿರು ತಂತಿಯೇ ಇರಲಿಲ್ಲ. ಆ ಹುಡುಗ ಅಂಗುಲದಷ್ಟು ತಂತಿಯ ತುಂಡಿನಿಂದ ಅರ್ತಿನ ರಂಧ್ರವನ್ನು ನ್ಯೂಟ್ರಲ್ಲಿಗೆ ಕಟ್ಟಿಬಿಟ್ಟಿದ್ದ. ಇದರಲ್ಲಿ ಒಂದು ಮೋಸವಿದೆ. ಫೇಸಿಗೂ ಅರ್ತಿಗೂ ನಡುವೆ ಬಲ್ಬು ಹಿಡಿದು ಪರೀಕ್ಷಿಸಿದರೆ ಅದು ಚೆನ್ನಾಗಿಯೇ ಉರಿಯುತ್ತದೆ. ಅರ್ತಿದೆಯೆಂದು ನೋಡುವವರು ನಂಬುತ್ತಾರೆ. ಆದರೆ ಹಿಂದೆ ಎಲ್ಲಿಯಾದರೂ ನ್ಯೂಟ್ರಲ್ ಕಡಿದರೆ, ಫೇಸಿನಿಂದ ಬಂದ ಪ್ರವಾಹ ಗ್ರೈಂಡರಿನ ಮೋಟಾರನ್ನು ದಾಟಿ, ಮರಳುವ ದಾರಿ ಕಾಣದೆ, ಆ ತುಂಡು ತಂತಿಯ ಮೂಲಕ ಗ್ರೈಂಡರಿನ ಮೈಗೇ ಬಂದು ಕೂರುತ್ತದೆ. ಯಂತ್ರ ನಿಂತಿರುತ್ತದೆ, ಮೈ ಮಾತ್ರ ಜೀವಂತವಾಗಿರುತ್ತದೆ.

ಕಡಿದದ್ದು ಹಳೆಯ ತಂತಿಗೆ ಹೊಸದನ್ನು ಹೆಣೆದ ಜಾಗದಲ್ಲಿ. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಹೆಚ್ಚುಕಡಮೆ 9 ಆಂಪಿಯರ್ ಎಳೆಯುತ್ತದೆ. ನಾವು ಅದನ್ನು ಚುಚ್ಚಿದ್ದು 6 ಆಂಪಿಯರಿನ ಸಾಕೆಟ್ಟಿಗೆ, ಅದೂ ದೀಪಕ್ಕೆಂದು ಎಳೆದ ತಂತಿಯಲ್ಲಿ. ಪ್ರವಾಹ ಎರಡರಷ್ಟಾದರೆ ತಂತಿಯ ಕಾವು ನಾಲ್ಕರಷ್ಟಾಗುತ್ತದೆ. ಸಡಿಲವಾದ ಗಂಟಿನಲ್ಲಿ ಆ ಕಾವೆಲ್ಲ ಒಂದೇ ಕಡೆ ಸೇರುತ್ತದೆ. ಮಾವನವರು ಟೇಪನ್ನು ಬಿಡಿಸಿದಾಗ ಅದು ಕರಿಕಾಗಿ ಉದುರಿತು. ಜುಮ್ಮೆನ್ನುತ್ತಿದ್ದುದು ಈ ಗಂಟು ಸಡಿಲವಾಗುತ್ತಿದೆ ಎಂಬ ಎಚ್ಚರಿಕೆ. ನಾವು ಅದಕ್ಕೆ ಮಣೆ ಹಾಕಿ ಕೂರಿಸಿದ್ದೆವು.

"ಮೇಲೆ ಎಂ.ಸಿ.ಬಿ. ಇತ್ತಲ್ಲ, ಮಾವ?" ಎಂದು ಕೇಳಿದೆ. ಅದು ಇರುವುದು ತಂತಿಯನ್ನು ಕಾಯಲಿಕ್ಕೆ ಎಂದರು. 16 ಆಂಪಿಯರ್ ಮೀರಿದರೆ ಅದು ಬೀಳುತ್ತದೆ. ಒದ್ದೆ ಮೈಯ ತಡೆ ಸುಮಾರು 1000 ಓಂ ಎಂದಿಟ್ಟುಕೊಂಡರೆ ಅದರಲ್ಲಿ ಹರಿಯುವುದು ಕಾಲು ಆಂಪಿಯರಿಗೂ ಕಡಮೆ. ಎಂ.ಸಿ.ಬಿ.ಗೆ ಅದು ಲೆಕ್ಕಕ್ಕೇ ಇಲ್ಲ. ಹೃದಯವನ್ನು ನಿಲ್ಲಿಸಲು ಸಾಕು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ತೂಗಿ ನೋಡಿ, 30 ಮಿಲಿ ಆಂಪಿಯರಿನ ವ್ಯತ್ಯಾಸ ಕಂಡೊಡನೆ ಬೀಳುವ ಬೇರೊಂದು ಸಾಧನವಿದೆ. ಅದಕ್ಕೆ ಆರ್.ಸಿ.ಸಿ.ಬಿ. ಎಂದು ಹೆಸರು. ಅದು ನಮ್ಮ ಮನೆಯಲ್ಲಿರಲಿಲ್ಲ.

ನಮ್ಮ ತಂದೆಯವರಿಗೆ ಸಿಟ್ಟು ಬಂತು. "ಮನೆಗೆ ಸರ್ಟಿಫಿಕೇಟ್ ಇದೆ" ಎಂದು ಟ್ರಂಕಿನಿಂದ 1996ರ ಕಾಗದವನ್ನು ತೆಗೆದರು. ವೈರಿಂಗ್ ಪರೀಕ್ಷಿಸಿದ ಬಗ್ಗೆ ಪರವಾನಗಿ ಪಡೆದ ಗುತ್ತಿಗೆದಾರರು ಕೊಟ್ಟ ವರದಿ ಅದು. ಅದರ ಮೇಲೆಯೇ ನಮಗೆ ಸಂಪರ್ಕ ದೊರೆತದ್ದು. ಮಾವನವರು ಕೊನೆಯವರೆಗೆ ಓದಿ, "ಭಾವ, ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದು ಹೇಳುವ ಅಡಿಗೆಮನೆ ಈಗ ಇಲ್ಲವಲ್ಲ" ಎಂದರು.

ನನಗೆ ಹೊಸದಾಗಿ ಕಂಡದ್ದು ಇದು. ಬಲ್ಬು, ಫ್ಯೂಸು, ಸ್ವಿಚ್ಚು ಇಂಥವನ್ನು ಬದಲಿಸುವುದಕ್ಕೆ ಅಡ್ಡಿಯಿಲ್ಲ. ವೈರಿಂಗನ್ನು ಬೆಳೆಸುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು ಮಾತ್ರ ಪರವಾನಗಿ ಪಡೆದವರ ಕೈಯಿಂದಲೇ ಆಗಬೇಕು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ಹೀಗಿತ್ತು. ಅವುಗಳ ಸ್ಥಾನಕ್ಕೆ 2010ರಲ್ಲಿ ಬಂದ ಕಟ್ಟಳೆಗಳೂ ಅದನ್ನೇ ಉಳಿಸಿಕೊಂಡುವು. ಮನೆ ಕಟ್ಟಿದ ದಿನ ಕಾಗದ ಕೇಳುವವರಿದ್ದಾರೆ; ಇಪ್ಪತ್ತು ವರ್ಷದ ಮೇಲೆ ಅಡಿಗೆಮನೆ ಬೆಳೆದಾಗ ಕೇಳುವವರು ಯಾರೂ ಇಲ್ಲ. ಆ ಹುಡುಗನನ್ನು ದೂರಿ ಫಲವೇನು? ಟೈಲ್ಸಿನ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತಿದ ನಾವು ಅವನಿಗೆ ಪರವಾನಗಿ ಇದೆಯೇ ಎಂದು ಒಂದು ಮಾತು ಕೇಳಿರಲಿಲ್ಲ.

ಮಾವನವರು ಹೊಸ ಅರ್ತ್ ಗುಂಡಿ ತೋಡಿಸಿ, ಅಡಿಗೆಮನೆಗೆ ಮೆಯಿನ್ ಬೋರ್ಡಿನಿಂದಲೇ ಬೇರೆ ದಪ್ಪ ತಂತಿ ಎಳೆಸಿ, ಒಲೆಗೆ 16 ಆಂಪಿಯರಿನ ಸಾಕೆಟ್ಟು ಹಾಕಿಸಿದರು. ತಮಗೆ ಪರಿಚಯದ ಗುತ್ತಿಗೆದಾರರನ್ನು ಕರೆತಂದು ಅರ್ತನ್ನು ಮೀಟರಿನಿಂದ ಅಳೆಯಿಸಿ ಹೊಸ ವರದಿ ಬರೆಯಿಸಿದರು. ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ತಾಯಿಯವರು ಮಾತ್ರ ಈಗಲೂ ಮಣೆಯ ಮೇಲೆಯೇ ನಿಂತು ರುಬ್ಬುತ್ತಾರೆ. "ಇನ್ನು ಅದು ಬೇಡ, ಅಕ್ಕ" ಎಂದು ಮಾವನವರು ಹೇಳಿದರೆ, "ಇರಲಿ ಬಿಡೋ" ಎನ್ನುತ್ತಾರೆ.