ರೇಸ್ ಕಾರು ಮತ್ತು ಗಣಿಯ ಡಂಪರು: ಬಿಸಿಗೆ ದಾರಿ, ಎಣ್ಣೆಗೆ ಒತ್ತಡ

ವೇಗವಾಗಿ ಓಡುವ ಬಂಡಿ ನಿಲ್ಲಬೇಕಾದರೆ ಅದರ ಚಲನೆಯ ಶಕ್ತಿ ಬಹುಪಾಲು ಬಿಸಿಯಾಗಿ ಹೊರಹೋಗಬೇಕು. 800 ಕಿಲೋ ತೂಗುವ ಫಾರ್ಮುಲಾ ಒನ್ ಕಾರು ಗಂಟೆಗೆ 300 ಕಿ.ಮೀ.ಯಿಂದ 100 ಕಿ.ಮೀ. ವೇಗಕ್ಕೆ ಇಳಿಯುವಾಗ ಕಳೆದುಕೊಳ್ಳುವ ಶಕ್ತಿ, ಮನೆಯ ಕರೆಂಟ್ ಮೀಟರಿನ ಲೆಕ್ಕದಲ್ಲಿ, ಮುಕ್ಕಾಲು ಯೂನಿಟ್ಟಿಗೂ ಕಡಿಮೆ. ಸಂಡೂರಿನ ಬೆಟ್ಟದಲ್ಲಿ ಅದಿರು ತುಂಬಿಕೊಂಡು ಒಟ್ಟು 150 ಟನ್ ತೂಗುವ ಡಂಪರು 100 ಮೀಟರ್ ಎತ್ತರ ಇಳಿದರೆ ಸುಮಾರು 40 ಯೂನಿಟ್ ಕಳೆಯಬೇಕು. ಕಾರಿಗೆ ಸಿಗುವುದು ಕೆಲವೇ ಸೆಕೆಂಡು, ಡಂಪರಿಗೆ ಹಲವು ನಿಮಿಷ. ಎರಡರ ವಿನ್ಯಾಸ ಬೇರೆಯಾಗುವುದಕ್ಕೆ ಮೂಲ ಇಲ್ಲಿದೆ.

ರೇಸ್ ಕಾರಿಗೆ ಗಾಳಿ ಪುಕ್ಕಟೆ, ಆದರೆ ಅದರ ಬೆಲೆಯನ್ನು ವೇಗದಲ್ಲಿ ತೆರಬೇಕು. ಮೈಯಲ್ಲಿ ತೆರೆದ ಪ್ರತಿಯೊಂದು ಕಿಂಡಿಯೂ ಗಾಳಿಯ ಎಳೆತವನ್ನು ಹೆಚ್ಚಿಸುತ್ತದೆ. ಆದ್ದರಿಂದ ಒಳಬಾಯಿ ಕಿರಿದು. ಅದರ ಹಿಂದೆ ಕೊಳವೆ ಅಗಲವಾಗುತ್ತ ಹೋಗಿ ಗಾಳಿ ನಿಧಾನವಾಗುತ್ತದೆ, ಒತ್ತಡ ಏರುತ್ತದೆ, ಆಮೇಲೆ ಅದು ರೇಡಿಯೇಟರಿನೊಳಗೆ ಹಾಯುತ್ತದೆ. ಹೊರಗಿಂಡಿಯನ್ನು ಒತ್ತಡ ಕಡಿಮೆ ಇರುವ ಜಾಗದಲ್ಲೇ ಇಡಬೇಕು, ಇಲ್ಲವಾದರೆ ಬಿಸಿಗಾಳಿ ಒಳಗೇ ನಿಲ್ಲುತ್ತದೆ. ಸೆಕೆಯ ಊರಿನ ಪಂದ್ಯಕ್ಕೂ, ಎತ್ತರದಲ್ಲಿ ಗಾಳಿ ತೆಳುವಾಗಿರುವ ಮೆಕ್ಸಿಕೋ ನಗರಕ್ಕೂ ಹೆಚ್ಚು ಕಿಂಡಿಗಳಿರುವ ಹೊದಿಕೆ ಜೋಡಿಸುತ್ತಾರೆ. ಕಾರ್ಬನ್ ಬ್ರೇಕ್ ಡಿಸ್ಕು 1000 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತದೆ. ಅದರ ಅಂಚಿನಲ್ಲಿ ಕೊರೆದ ನೂರಾರು ಸಣ್ಣ ತೂತುಗಳ ಮೂಲಕ ಗಾಳಿ ಹರಿದು ಅದನ್ನು ತಣಿಸುತ್ತದೆ.

ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಯಾಂತ್ರೀಕೃತ ಗಣಿ 1977ರಲ್ಲಿ ಆರಂಭವಾಯಿತು. ಇಂಥ ಗಣಿಗಳಿಗೆ ಬೇಕಾದ ದೊಡ್ಡ ಡಂಪರುಗಳನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಬಿಇಎಂಎಲ್ ತಯಾರಿಸುತ್ತದೆ. ಗಣಿಯ ಇಳಿಜಾರಿನಲ್ಲಿ ಡಂಪರು ನಿಧಾನವಾಗಿಯೇ ಇಳಿಯಬೇಕು. ಆ ವೇಗಕ್ಕೆ ಎದುರುಗಾಳಿ ಎಂಬುದೇ ಇಲ್ಲ. ಹೊಸಪೇಟೆಯ ಕಡೆ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಹತ್ತಿರ ಇರುತ್ತದೆ. ಹಾಗಾಗಿ ಇಲ್ಲಿ ಬಿಸಿಯನ್ನು ಹೊರುವ ಕೆಲಸ ಎಣ್ಣೆಯದು. ದೊಡ್ಡ ಡಂಪರುಗಳಲ್ಲಿ ಬ್ರೇಕಿನ ಹಲವು ತಟ್ಟೆಗಳು ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಪಂಪು ಆ ಎಣ್ಣೆಯನ್ನು ಸುತ್ತಿಸುತ್ತದೆ, ಎಣ್ಣೆ ತನ್ನ ಬಿಸಿಯನ್ನು ಎಂಜಿನ್ನಿನ ನೀರಿಗೆ ಕೊಡುತ್ತದೆ, ನೀರು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಭಾರಿ ಫ್ಯಾನು ಗಾಳಿಯನ್ನು ಎಳೆಯುತ್ತದೆ. ಮುಚ್ಚಿದ ಪೆಟ್ಟಿಗೆಯಿಂದ ಇನ್ನೊಂದು ಲಾಭ: ಸಂಡೂರಿನ ಕೆಂಪು ಅದಿರಿನ ಧೂಳು ಬ್ರೇಕಿಗೆ ತಾಗುವುದಿಲ್ಲ. ರೇಡಿಯೇಟರಿಗೆ ಮಾತ್ರ ಆ ರಕ್ಷಣೆಯಿಲ್ಲ. ಅದರ ಎಲೆಗಳ ನಡುವೆ ಧೂಳು ಕೂತರೆ ಫ್ಯಾನು ಎಷ್ಟು ತಿರುಗಿದರೂ ವ್ಯರ್ಥ, ಆದ್ದರಿಂದ ಅದನ್ನು ಆಗಾಗ ಊದಿ ತೊಳೆಯಲೇಬೇಕು. ರೇಸ್ ಕಾರಿನ ಹೊಳಪು ಡಂಪರಿಗಿಲ್ಲದಿರಬಹುದು, ಎಂಜಿನಿಯರಿಂಗ್ ಜಾಣ್ಮೆಯಲ್ಲಿ ಅದು ಒಂದಿಷ್ಟೂ ಹಿಂದಿಲ್ಲ.

ಒತ್ತಡದ ಎಣ್ಣೆಯ ವಿಷಯದಲ್ಲಿ ಎರಡೂ ನಂಟರು. ಫಾರ್ಮುಲಾ ಒನ್ ಕಾರಿನಲ್ಲಿ ಸುಮಾರು 200 ಬಾರ್ ಒತ್ತಡದ ಎಣ್ಣೆ ಗೇರ್ ಬದಲಿಸುತ್ತದೆ, ಕ್ಲಚ್ಚನ್ನೂ ಡಿಫರೆನ್ಷಿಯಲ್ಲನ್ನೂ ನಡೆಸುತ್ತದೆ. ಸಿಲಿಂಡರುಗಳು ಬೆರಳುಗಾತ್ರದವು, ಕೆಲಸ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಒಂದೇ ಒಂದು ಕೊಳವೆ ಸೋರಿದರೂ ಗೇರ್ ಬೀಳದೆ ಕಾರು ಪಂದ್ಯದಿಂದ ಹೊರಗೆ.

ಪಾಸ್ಕಲನ ನಿಯಮದಂತೆ ಬಲವೆಂದರೆ ಒತ್ತಡ ಗುಣಿಸು ಪಿಸ್ಟನ್ನಿನ ವಿಸ್ತೀರ್ಣ. ಅದೇ 200 ಬಾರ್ ಎಣ್ಣೆಯನ್ನು 20 ಸೆಂ.ಮೀ. ವ್ಯಾಸದ ಪಿಸ್ಟನ್ನಿನ ಕೆಳಗೆ ಬಿಟ್ಟರೆ 60 ಟನ್ನಿಗೂ ಮಿಕ್ಕ ಭಾರವನ್ನು ಅದು ಎತ್ತಬಲ್ಲದು. ಅಂಥ ಎರಡು ಸಿಲಿಂಡರು ಸೇರಿ ಡಂಪರಿನ ತೊಟ್ಟಿಯನ್ನು ಅದಿರಿನ ಸಮೇತ ಎತ್ತಿ ಸುರಿಯುತ್ತವೆ. ಅದರ ಸ್ಟೀರಿಂಗಿಗೂ ಎಣ್ಣೆಯದೇ ಬಲ. ಎಂಜಿನ್ ಹಠಾತ್ತನೆ ನಿಂತರೂ ಚಕ್ರ ತಿರುಗಿಸಲು ಪ್ರತ್ಯೇಕ ಒತ್ತಡದ ಸಂಗ್ರಹ ಇರುತ್ತದೆ.

ಹೊಸಪೇಟೆ ರಸ್ತೆಯಲ್ಲಿ ಓಡಾಡುವ ಸಾಮಾನ್ಯ ಟಿಪ್ಪರುಗಳಲ್ಲಿ ಬ್ರೇಕಿಗೆ ಗಾಳಿಯ ಒತ್ತಡ, ಜ್ಯಾಕಿಗೆ ಎಣ್ಣೆಯ ಒತ್ತಡ. ಇವುಗಳ ಬ್ರೇಕಿಗೆ ಎಣ್ಣೆಯ ತಂಪು ಇಲ್ಲ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಬಂದರೆ ಡ್ರಮ್ಮು ಕಾದು ಲೈನರಿನ ಹಿಡಿತ ಸಡಿಲುತ್ತದೆ; ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಸುವುದು ಸರಿಯಾದ ಕ್ರಮ. ಎತ್ತಿದ ತೊಟ್ಟಿಯ ಕೆಳಗೆ ದುರಸ್ತಿಗೆ ಹೋಗುವಾಗ ಕಬ್ಬಿಣದ ಆಧಾರ ಕೊಡದೆ ಹೋಗಲೇಬಾರದು. ಹೋಸ್ ಒಡೆದರೆ ಒತ್ತಡ ಒಮ್ಮೆಲೇ ಇಲ್ಲವಾಗಿ ತೊಟ್ಟಿ ಕೆಳಗೆ ಬೀಳುತ್ತದೆ.