ಮನೆಯ ಒಳಚರಂಡಿ ಕಟ್ಟಿಕೊಳ್ಳುವುದೇಕೆ?

ಮನೆಗೆ ನೀರನ್ನು ತರಲು ಪಂಪು ಬೇಕು, ಮೇಲೊಂದು ಟ್ಯಾಂಕೂ ಬೇಕು. ಬಳಸಿದ ನೀರನ್ನು ಹೊರಗೆ ಸಾಗಿಸಲು ಇವು ಯಾವುವೂ ಇಲ್ಲ. ಬಚ್ಚಲು, ಅಡುಗೆಮನೆ, ಶೌಚಾಲಯಗಳ ಕೊಳಚೆಯನ್ನು ಬೀದಿಯ ಮ್ಯಾನ್‌ಹೋಲ್‌ವರೆಗೆ ಒಯ್ಯುವುದು ಗುರುತ್ವ ಬಲವೊಂದೇ. ನಲ್ಲಿಯ ಕೊಳವೆಯಲ್ಲಿ ನೀರು ಒತ್ತಡದಿಂದ ತುಂಬಿ ಹರಿಯುತ್ತದೆ. ಒಳಚರಂಡಿಯ ಕೊಳವೆಯಲ್ಲಾದರೋ ಅದು ತಳದಲ್ಲಿ ಮಾತ್ರ, ತೆರೆದ ಕಾಲುವೆಯಲ್ಲಿ ಹರಿದಂತೆ ಹರಿಯುತ್ತದೆ. ಮೇಲಿನ ಭಾಗದಲ್ಲಿ ಗಾಳಿ ಇರುತ್ತದೆ. ಈ ವ್ಯತ್ಯಾಸವನ್ನು ತಿಳಿದರೆ ಕೊಳವೆ ಏಕೆ ಕಟ್ಟಿಕೊಳ್ಳುತ್ತದೆ, ಅದನ್ನು ಹೇಗೆ ಬಿಡಿಸಬೇಕು ಎಂಬುದು ಬಹುಮಟ್ಟಿಗೆ ತಿಳಿದಂತೆಯೇ.

ಇಳಿಜಾರಿನ ಲೆಕ್ಕ

ಕೊಳಚೆಯಲ್ಲಿರುವ ಘನವಸ್ತುಗಳು ತಳಕ್ಕೆ ಕೂರದಂತೆ ನೀರು ಅವನ್ನು ಎಳೆದೊಯ್ಯಬೇಕು. ಇದಕ್ಕೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು. ಇದನ್ನು ‘ಸ್ವಯಂಶುದ್ಧಿ ವೇಗ’ ಎನ್ನುತ್ತಾರೆ. ವೇಗವನ್ನು ಲೆಕ್ಕ ಹಾಕಲು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರಂತೆ ಹರಿವಿನ ವೇಗ ಇಳಿಜಾರಿನ ವರ್ಗಮೂಲಕ್ಕೆ ಅನುಪಾತೀಯ.

100 ಮಿಲಿಮೀಟರ್ ವ್ಯಾಸದ ಕೊಳವೆ ಅರ್ಧ ತುಂಬಿ ಹರಿಯುತ್ತಿದೆ ಎನ್ನೋಣ. ಒರಟುತನದ ಗುಣಾಂಕ 0.013 ಇರಲಿ. 60 ಮೀಟರ್ ಉದ್ದಕ್ಕೆ 1 ಮೀಟರ್ ಇಳಿಜಾರಿದ್ದರೆ ವೇಗ ಸೆಕೆಂಡಿಗೆ ಸುಮಾರು 0.85 ಮೀಟರ್ ಬರುತ್ತದೆ. 200 ಮೀಟರಿಗೆ 1 ಮೀಟರ್ ಇದ್ದರೆ ಅದು 0.47ಕ್ಕೆ ಇಳಿಯುತ್ತದೆ. ಮೊದಲ ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಹೂಳು ಕೂರುತ್ತದೆ. ಮನೆ ಕಟ್ಟುವಾಗ ಕೊಳವೆಗಳ ಮೇಲೆ ಮಣ್ಣು ಮುಚ್ಚುವ ಮುನ್ನ ನೀರು ತುಂಬಿದ ಪಾರದರ್ಶಕ ರಬ್ಬರ್ ನಳಿಕೆಯಿಂದ ಮಟ್ಟ ನೋಡಿ. 6 ಮೀಟರ್ ಅಂತರದ ಎರಡು ಚೇಂಬರುಗಳ ನಡುವೆ ಕೊಳವೆಯ ತಳ 10 ಸೆಂಟಿಮೀಟರ್ ಇಳಿದಿರಬೇಕು.

‘ಕೊಳವೆ ದೊಡ್ಡದಾದಷ್ಟೂ ಒಳ್ಳೆಯದು’ ಎಂಬ ನಂಬಿಕೆಯೂ ಸರಿಯಲ್ಲ. ಅಷ್ಟೇ ನೀರು ಅಗಲವಾದ ಕೊಳವೆಯಲ್ಲಿ ತೆಳುವಾಗಿ ಹರಡುತ್ತದೆ, ಅದರ ಆಳ ಕಡಿಮೆಯಾಗುತ್ತದೆ. ಘನವಸ್ತು ತೇಲದೆ ತಳಕ್ಕೆ ಅಂಟಿಕೊಳ್ಳುತ್ತದೆ.

ಜಿಡ್ಡು, ಸಾಬೂನು, ನಾರು

ಬಿಸಿಯಾಗಿದ್ದಾಗ ದ್ರವವಾಗಿರುವ ಎಣ್ಣೆ, ತುಪ್ಪಗಳು ಕೊಳವೆಯಲ್ಲಿ ತಣಿದು ಗೋಡೆಗೆ ಹತ್ತಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಡನೆ ವರ್ತಿಸಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನನ್ನು ಉಂಟುಮಾಡುತ್ತದೆ. ಬಕೆಟಿನ ಅಂಚಿನಲ್ಲಿ ಕಾಣುವ ಬಿಳಿ ಪದರ ಇದೇ. ಈ ಜಿಡ್ಡಿಗೆ ಕೂದಲು, ಬಟ್ಟೆಯ ಚೂರು, ಸ್ಯಾನಿಟರಿ ಪ್ಯಾಡ್, ಒದ್ದೆ ಟಿಶ್ಯೂಗಳ ನಾರು ಸೇರಿದರೆ ಗಾರೆಗೆ ಕಬ್ಬಿಣ ಸೇರಿದಂತೆ! 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಇಂಥದೇ ಒಂದು ಮುದ್ದೆ ಪತ್ತೆಯಾಯಿತು.

ಎಲ್ಲಿ ಕಟ್ಟಿದೆ?

ಕೈ ಹಾಕುವ ಮೊದಲು ಯೋಚಿಸಿ. ಒಂದು ಸಿಂಕಿನಲ್ಲಿ ಮಾತ್ರ ನೀರು ನಿಂತಿದ್ದರೆ ತೊಂದರೆ ಆ ಶಾಖೆಯಲ್ಲಿದೆ. ಮೇಲಿನ ಮಹಡಿಯಲ್ಲಿ ನೀರು ಸುರಿದಾಗ ಕೆಳಗಿನ ಬಚ್ಚಲಿನಲ್ಲಿ ಉಕ್ಕಿದರೆ ಎರಡೂ ಸೇರಿದ ಮೇಲಿನ ಮುಖ್ಯ ಕೊಳವೆಯಲ್ಲಿ ತಡೆ ಇದೆ. ಇನ್ನು ಚೇಂಬರುಗಳನ್ನು ಒಂದೊಂದಾಗಿ ತೆರೆದು ನೋಡಿ. ತುಂಬಿರುವ ಕೊನೆಯ ಚೇಂಬರು ಮತ್ತು ಖಾಲಿ ಇರುವ ಮೊದಲ ಚೇಂಬರಿನ ನಡುವೆಯೇ ತಡೆ ಇರುತ್ತದೆ. ಬೀದಿಯ ಮ್ಯಾನ್‌ಹೋಲೇ ತುಂಬಿದ್ದರೆ ಅದು ನಿಮ್ಮ ಕೆಲಸವಲ್ಲ. ನಗರಸಭೆಗೆ ಅಥವಾ ಜಲಮಂಡಳಿಗೆ ದೂರು ಕೊಡಿ. ಬೆಂಗಳೂರಿನ ಜಲಮಂಡಳಿಯ ದೂರವಾಣಿ ಸಂಖ್ಯೆ 1916.

ಬಿಡಿಸುವ ಬಗೆ

ಸಿಂಕಿಗೆ ರಬ್ಬರ್ ಬಟ್ಟಲಿನ ಪ್ಲಂಜರ್ ಸಾಕು. ಬಟ್ಟಲು ಮುಳುಗುವಷ್ಟು ನೀರಿರಲಿ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆದ್ದರಿಂದ ನೀವು ಹಾಕಿದ ಒತ್ತಡ ಪೂರ್ತಿಯಾಗಿ ತಡೆಗೆ ತಲಪುತ್ತದೆ. ಹೆಚ್ಚು ನೀರು ಹೊರಹೋಗಲು ಸಿಂಕಿನಲ್ಲಿ ಬೇರೆ ರಂಧ್ರವಿದ್ದರೆ ಒದ್ದೆ ಬಟ್ಟೆಯಿಂದ ಮುಚ್ಚಿ. ಒಮ್ಮೆ ಒತ್ತುವುದಕ್ಕಿಂತ ಒತ್ತಿ, ಎಳೆದು ಅಲುಗಾಡಿಸುವುದು ಮುಖ್ಯ.

ಮುಖ್ಯ ಕೊಳವೆಗೆ ಬಿದಿರಿನ ದಬ್ಬೆ ಅಥವಾ ಉಕ್ಕಿನ ಸುರುಳಿ ತಂತಿ ಬೇಕು. ತಡೆಯ ಮೇಲೆ 1 ಮೀಟರ್ ನೀರು ನಿಂತಿದ್ದರೆ 100 ಮಿಲಿಮೀಟರ್ ಕೊಳವೆಯಲ್ಲಿ ಅದನ್ನು ತಳ್ಳುವ ಬಲ ಸುಮಾರು 77 ನ್ಯೂಟನ್, ಅಂದರೆ 8 ಕಿಲೋಗ್ರಾಂ ತೂಕದಷ್ಟು. ತಡೆ ಸಡಿಲವಾದರೆ ಉಳಿದ ಕೆಲಸವನ್ನು ನೀರೇ ಮಾಡುತ್ತದೆ. ಆದರೆ ದಬ್ಬೆ ಸಣ್ಣ ತೂತು ಮಾಡಿದರೂ ನೀರು ಇಳಿದುಬಿಡುತ್ತದೆ, ಜಿಡ್ಡಿನ ಬಳೆ ಒಳಗೇ ಉಳಿಯುತ್ತದೆ. ಆಮೇಲೆ ನಾಲ್ಕೈದು ಬಕೆಟ್ ನೀರನ್ನು ರಭಸದಿಂದ ಸುರಿಯಿರಿ.

ಕಾಸ್ಟಿಕ್ ಸೋಡಾ ಹೊಸ ಜಿಡ್ಡನ್ನು ಕರಗಿಸಬಲ್ಲದು. ಬಟ್ಟೆಯನ್ನಾಗಲಿ ಗಟ್ಟಿಯಾದ ಕ್ಯಾಲ್ಸಿಯಂ ಸಾಬೂನನ್ನಾಗಲಿ ಕರಗಿಸದು. ತಡೆ ಬಿಡದಿದ್ದರೆ ಅದು ಕೊಳವೆಯಲ್ಲೇ ನಿಂತು, ಮುಂದೆ ದಬ್ಬೆ ಹಾಕುವವರ ಕಣ್ಣಿಗೆ ಸಿಡಿಯಬಹುದು. ಶೌಚಾಲಯ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಎಂದಿಗೂ ಬೆರೆಸಬೇಡಿ. ವಿಷಾನಿಲ ಕ್ಲೋರಿನ್ ಹೊಮ್ಮುತ್ತದೆ. ಕುದಿಯುವ ನೀರೂ ಬೇಡ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ.

ಒಳಗೆ ಇಳಿಯಬಾರದು, ಇಳಿಸಬಾರದು

ಆಮ್ಲಜನಕವಿಲ್ಲದೆ ಕೊಳೆಯುವ ಕೊಳಚೆಯಿಂದ ಮೀಥೇನ್ ಮತ್ತು ಹೈಡ್ರೊಜನ್ ಸಲ್ಫೈಡ್ ಹೊರಬರುತ್ತವೆ. ಮೀಥೇನ್ ಉರಿಯುವ ಅನಿಲ. ಹೈಡ್ರೊಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲಿ ತಂಗುತ್ತದೆ. ಇದರ ಕೊಳೆತ ಮೊಟ್ಟೆಯ ವಾಸನೆಯನ್ನು ನಂಬಿ ಕೂರುವಂತಿಲ್ಲ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ತಲಪಿದಾಗ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 500ರಿಂದ 1000 ಭಾಗವಾದರೆ ಪ್ರಾಣ ಹೋಗುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುವುದು ಇದರಿಂದಲೇ. ಮುಚ್ಚಳ ತೆಗೆದ ಮೇಲೆ ಸ್ವಲ್ಪ ಹೊತ್ತು ದೂರವಿರಿ. ಬೆಂಕಿ ಹತ್ತಿರ ತರಬೇಡಿ, ತಲೆ ಬಗ್ಗಿಸಿ ಇಣುಕಬೇಡಿ.

ಸುರಕ್ಷಾ ಸಾಧನಗಳಿಲ್ಲದೆ ಮಲಗುಂಡಿಗೆ, ಒಳಚರಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಇದು ಮನೆಯ ಮಾಲೀಕನಿಗೂ ಅನ್ವಯಿಸುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಆದರೆ ಯಾವ ಪರಿಹಾರವೂ ಹೋದ ಜೀವವನ್ನು ತರದು. ಗುಂಡಿ ಖಾಲಿ ಮಾಡಲು ಹೀರುವ ಯಂತ್ರದ ಗಾಡಿಯನ್ನೇ ಕರೆಸಿ.

ತಡೆಯುವುದು ಸುಲಭ

ಎಣ್ಣೆ ಪಾತ್ರೆಯನ್ನು ತೊಳೆಯುವ ಮೊದಲು ಹಳೆಯ ಕಾಗದದಿಂದ ಒರೆಸಿ. ಬಚ್ಚಲಿಗೆ ಜಾಲರಿ ಹಾಕಿ. ಪ್ಯಾಡು, ಬಟ್ಟೆಗಳನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಿ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಸೇರಿಸಬೇಡಿ. ಜೋರು ಮಳೆಗೆ ಮ್ಯಾನ್‌ಹೋಲುಗಳು ಉಕ್ಕಲು ಅದೂ ಒಂದು ಕಾರಣ.

ಉಪಾಧ್ಯಾಯರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಉದ್ದಕ್ಕೆ ಸೀಳಿದ ಪಿವಿಸಿ ಕೊಳವೆಯಲ್ಲಿ ಒಂದು ಹಿಡಿ ಮರಳು ಹಾಕಿ, ಇಳಿಜಾರನ್ನು ಬದಲಿಸುತ್ತ ಪ್ರತಿಬಾರಿಯೂ ಒಂದೇ ಅಳತೆಯ ನೀರು ಸುರಿಯಿರಿ. ಯಾವ ಇಳಿಜಾರಿನಲ್ಲಿ ಮರಳು ಪೂರ್ತಿ ಕೊಚ್ಚಿ ಹೋಗುತ್ತದೆ? ಅದೇ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಏನಾಗುತ್ತದೆ? ವಿದ್ಯಾರ್ಥಿಗಳೇ ಅಳೆದು ಹೇಳಲಿ.